ಆರು ದಿನದ ಕೆನೂ ಪ್ರಯಾಣ: ಸಾಮಾನು ದೋಣಿಗೆ ಕಟ್ಟಬೇಕಾ, ಬಿಡಬೇಕಾ? ಹೊರೆ ಮತ್ತು ಗಾಳಿಯ ಬಗ್ಗೆಯೂ ಸಲಹೆ ಬೇಕು

ಹೊಸಹುಟ್ಟು

ನಮಸ್ಕಾರ. ನಾಲ್ಕು ಜನ, 17 ಅಡಿಯ ಎರಡು ಕೆನೂ (ಹುಟ್ಟು ಹಾಕಿ ನಡೆಸುವ, ಮೇಲೆ ತೆರೆದ ಕಿರಿದಾದ ದೋಣಿ), ಆರು ಹಗಲು, ಐದು ರಾತ್ರಿ. ರಸ್ತೆಯೂ ಮೊಬೈಲ್ ಸಿಗ್ನಲ್ಲೂ ಇಲ್ಲದ ಕಾಡು. ಐದು ಸರೋವರಗಳು, ಅವುಗಳ ನಡುವೆ ನಾಲ್ಕು ಪೋರ್ಟೇಜ್ (ದೋಣಿ ಮತ್ತು ಸಾಮಾನು ಹೊತ್ತು ನಡೆಯುವ ಕಾಲುದಾರಿ). ಮೂರು ಪೋರ್ಟೇಜ್ 200ರಿಂದ 400 ಮೀಟರ್ ಒಳಗಿವೆ, ಒಂದು ಮಾತ್ರ 1,200 ಮೀಟರ್. ಮೂರನೇ ದಿನ 3 ಕಿ.ಮೀ. ಅಗಲದ ತೆರೆದ ಸರೋವರ ದಾಟಬೇಕು. ಐದನೇ ದಿನ 6 ಕಿ.ಮೀ. ನದಿ, ಅದರಲ್ಲಿ ನೀರು ಕಲ್ಲುಗಳ ನಡುವೆ ರಭಸವಾಗಿ ಇಳಿಯುವ ಎರಡು ರ‍್ಯಾಪಿಡ್‌ಗಳನ್ನು ನಕ್ಷೆ ಕ್ಲಾಸ್ 2 (ಕಷ್ಟದ ಶ್ರೇಣಿ; 1 ಸುಲಭ, 6 ಅತಿ ಕಠಿಣ) ಎಂದು ತೋರಿಸುತ್ತದೆ. ನೀರಿನ ಉಷ್ಣತೆ 12 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಕರಡಿಗಳಿರುವ ಪ್ರದೇಶ.

ನಾಲ್ವರಿಗೂ ಒಂದು ಹಗಲಿನ ಪ್ರಯಾಣದ ಅಭ್ಯಾಸ ಇದೆ. ದೋಣಿಯನ್ನು ನೇರ ಇಡುವ, ತಿರುಗಿಸುವ ಹುಟ್ಟಿನ ಹೊಡೆತಗಳಾದ ಜೆ ಸ್ಟ್ರೋಕ್, ಡ್ರಾ, ಪ್ರೈ ಬರುತ್ತವೆ. ತುಂಬಿದ ದೋಣಿಯಲ್ಲಿ ಹಲವು ದಿನ ಹೋಗುವುದು ಇದೇ ಮೊದಲು.

ಈಗಿನ ಯೋಜನೆ: ದಿನಕ್ಕೆ 25 ಕಿ.ಮೀ., ಒಟ್ಟು ಒಂಬತ್ತು ಚೀಲ, ಪ್ರತಿ ಪೋರ್ಟೇಜ್‌ನಲ್ಲಿ ಎರಡು ಸುತ್ತು. ದೋಣಿ ಬಾಡಿಗೆಯದು, 36 ಕೆಜಿಯ ಪಾಲಿಎಥಿಲೀನ್ (ಗಟ್ಟಿ ಪ್ಲಾಸ್ಟಿಕ್) ಅಥವಾ 20 ಕೆಜಿಯ ಕೆವ್ಲಾರ್ (ಹಗುರವಾದ ಕೃತಕ ನಾರು), ಎರಡರಲ್ಲಿ ಒಂದನ್ನು ಆರಿಸಬೇಕು.

ಪ್ರಶ್ನೆಗಳು: ಯಾವ ದೋಣಿ ಒಳ್ಳೆಯದು? ಚೀಲಗಳನ್ನು ದೋಣಿಗೆ ಬಿಗಿದು ಕಟ್ಟಬೇಕೋ, ಸುಮ್ಮನೆ ಇಡಬೇಕೋ? ದೊಡ್ಡ ಸರೋವರವನ್ನು ನೇರ ದಾಟಬಹುದೇ? ಊಟದ ಸಾಮಾನು ಎಷ್ಟು, ರಾತ್ರಿ ಅದನ್ನು ಎಲ್ಲಿಡಬೇಕು?

ಹೊರೆಗಾರ

ದೋಣಿಯ ಆಯ್ಕೆಯನ್ನು ಪೋರ್ಟೇಜ್ ಲೆಕ್ಕವೇ ತೀರ್ಮಾನಿಸಲಿ. ನಿಮ್ಮ ಯೋಜನೆಯಲ್ಲಿ ತಪ್ಪಿರುವುದೂ ಅಲ್ಲೇ.

ಎರಡು ಸುತ್ತು ಅಂದರೆ ಒಮ್ಮೆ ಹೊತ್ತು ಹೋಗುವುದು, ಬರಿಗೈಯಲ್ಲಿ ಹಿಂತಿರುಗುವುದು, ಮತ್ತೊಮ್ಮೆ ಹೊತ್ತು ಹೋಗುವುದು. ದಾರಿಯ ಮೂರು ಪಟ್ಟು ನಡಿಗೆ. 1,200 ಮೀಟರ್ ಪೋರ್ಟೇಜ್ 3.6 ಕಿ.ಮೀ. ಆಗುತ್ತದೆ. ಇಳಿಸುವುದು, ತುಂಬುವುದು ಸೇರಿ ಒಂದೂವರೆ ಗಂಟೆ ಇಟ್ಟುಕೊಳ್ಳಿ. ಮೂರು ಸುತ್ತಾದರೆ ಐದು ಪಟ್ಟು, ಅಂದರೆ 6 ಕಿ.ಮೀ. ಆಗ ಅರ್ಧ ಹಗಲು ಅಲ್ಲೇ ಕಳೆಯುತ್ತದೆ.

ಎರಡು ಸುತ್ತಿನಲ್ಲಿ ನಾಲ್ಕು ಜನ ಎಂಟು ಹೊರೆ ಸಾಗಿಸಬಹುದು. ನಿಮ್ಮಲ್ಲಿ ಒಂಬತ್ತು ಚೀಲ, ಎರಡು ದೋಣಿ, ಒಟ್ಟು ಹನ್ನೊಂದು. 36 ಕೆಜಿಯ ದೋಣಿಯನ್ನು ಏರುತಗ್ಗಿನ ಕಲ್ಲುದಾರಿಯಲ್ಲಿ ಒಬ್ಬರೇ ಹೊರುವುದು ಅಭ್ಯಾಸ ಇಲ್ಲದವರಿಗೆ ಆಗದ ಕೆಲಸ. ಇಬ್ಬರು ಹೊತ್ತರೆ ಎರಡು ದೋಣಿಯೇ ನಾಲ್ಕು ಹೊರೆಯ ಜಾಗ ತಿನ್ನುತ್ತವೆ. ಅದಕ್ಕೇ ಕೆವ್ಲಾರ್ ತೆಗೆದುಕೊಳ್ಳಿ. 20 ಕೆಜಿಯನ್ನು ನೊಗದ (ಹೆಗಲಿಗೆ ಕೂರುವ, ದೋಣಿಯ ನಡುವಿನ ಅಡ್ಡಪಟ್ಟಿ) ಮೇಲೆ ಒಬ್ಬರು ಹೊರಬಹುದು. ಅದರ ದೋಷವೂ ಗೊತ್ತಿರಲಿ: ಕಲ್ಲಿಗೆ ಉಜ್ಜುವುದನ್ನು, ಬಡಿಯುವುದನ್ನು ಪಾಲಿಎಥಿಲೀನ್‌ನಷ್ಟು ತಡೆಯುವುದಿಲ್ಲ. ಆದ್ದರಿಂದ ಐದನೇ ದಿನದ ರ‍್ಯಾಪಿಡ್‌ಗಳನ್ನು ನೀರಿನಲ್ಲಿ ಇಳಿಯುವ ಆಸೆ ಬಿಟ್ಟು, ದಡದಲ್ಲಿ ಹೊತ್ತು ದಾಟಿ.

ಚೀಲಗಳನ್ನು ಐದಕ್ಕೆ ಇಳಿಸಿ. 100 ಲೀಟರಿನ ನಾಲ್ಕು ದೊಡ್ಡ ಚೀಲ, ತಲಾ 16ರಿಂದ 18 ಕೆಜಿ. ಊಟಕ್ಕೆ 60 ಲೀಟರಿನ ಪ್ಲಾಸ್ಟಿಕ್ ಡ್ರಮ್ ಒಂದು, ಹೆಗಲಪಟ್ಟಿ ಸಮೇತ. ಎರಡು ದೋಣಿ ಸೇರಿದರೆ ಏಳು ಹೊರೆ. ಎಂಟನೆಯ ಜಾಗ ಹುಟ್ಟು, ಲೈಫ್ ಜಾಕೆಟ್, ನೀರೆತ್ತುವ ಡಬ್ಬಿಯಂಥ ಚಿಲ್ಲರೆ ಸಾಮಾನಿಗೆ. ಕೈಯಲ್ಲಿ ನೇತಾಡುವ ವಸ್ತು ಒಂದೂ ಇರಬಾರದು. ಕ್ಯಾಮೆರಾ, ಬಾಟಲಿ, ಒದ್ದೆ ಚಪ್ಪಲಿ, ಪಾತ್ರೆಯ ಗಂಟು, ಇವೇ ಮೂರನೇ ಸುತ್ತು ಹಾಕಿಸುವುದು. ದಾರಿಯಲ್ಲಿ ಮರೆತು ಉಳಿಯುವುದೂ ಇವೇ.

ಹೊರುವ ಕ್ರಮ: ಗೊತ್ತಿಲ್ಲದ ದಾರಿಯಲ್ಲಿ ಮೊದಲ ಸುತ್ತಿಗೆ ಚೀಲ, ಎರಡನೆಯದಕ್ಕೆ ದೋಣಿ. ದೋಣಿ ತಲೆಯ ಮೇಲಿದ್ದಾಗ ಐದಾರು ಹೆಜ್ಜೆ ಮುಂದಿನ ನೆಲ ಬಿಟ್ಟರೆ ಏನೂ ಕಾಣುವುದಿಲ್ಲ. ಕವಲು, ಜಾರುವ ಬಂಡೆ, ಅಡ್ಡಬಿದ್ದ ಮರ ಎಲ್ಲಿವೆ ಎಂದು ಚೀಲ ಹೊತ್ತಾಗ ನೋಡಿಕೊಂಡರೆ ಎರಡನೇ ಸುತ್ತಿನಲ್ಲಿ ಎಡವುವುದಿಲ್ಲ. ಉದ್ದದ ಪೋರ್ಟೇಜ್‌ನಲ್ಲಿ ಎಲ್ಲವನ್ನೂ ಒಂದೇ ಏಟಿಗೆ ಕೊನೆಗೆ ಮುಟ್ಟಿಸಲು ಹೋಗಬೇಡಿ. 400ರಿಂದ 500 ಮೀಟರಿಗೆ ಇಳಿಸಿ, ಹಿಂದಿರುಗಿ ಉಳಿದದ್ದನ್ನು ತನ್ನಿ. ನಡಿಗೆ ಅಷ್ಟೇ, ಆದರೆ ಪ್ರತಿ ಹೊರೆಯ ನಡುವೆ ಹೆಗಲಿಗೆ ಬಿಡುವು ಸಿಗುತ್ತದೆ. ತುಪ್ಪಳ ವ್ಯಾಪಾರದ ಕಾಲದ ಕೆನಡಾದ ವೊಯಾಜರ್ ಹುಟ್ಟುಗಾರರು ತಲಾ 90 ಪೌಂಡಿನ (ಸುಮಾರು 41 ಕೆಜಿ) ಗಂಟುಗಳನ್ನು ಹೀಗೇ ತಂಗುತ್ತಾ ಸಾಗಿಸುತ್ತಿದ್ದರು.

ದೋಣಿ ಎತ್ತುವುದು: ಮೊದಲೆರಡು ದಿನ ಇಬ್ಬರೇ ಎತ್ತಿ. ದೋಣಿಯನ್ನು ನೆಲದ ಮೇಲೆ ಬೋರಲು ಹಾಕಿ. ಒಬ್ಬರು ಮುಂತುದಿ ಹಿಡಿದು ತಲೆಯ ಮೇಲಕ್ಕೆ ಎತ್ತಲಿ. ಹಿಂತುದಿ ನೆಲದಲ್ಲೇ ಊರಿರಲಿ. ಹೊರುವವರು ಕೆಳಗೆ ನುಗ್ಗಿ ನೊಗಕ್ಕೆ ಹೆಗಲು ಕೊಟ್ಟು, ಎರಡು ಅಂಚು ಹಿಡಿದು ನಿಂತ ಮೇಲೆ ಮುಂದಿನವರು ಕೈ ಬಿಡಬೇಕು. ಒಬ್ಬರೇ ಎತ್ತುವುದಾದರೆ ನಡುವೆ ಪಕ್ಕಕ್ಕೆ ನಿಂತು, ಈಚೆಯ ಅಂಚನ್ನು ಎತ್ತಿ, ದೋಣಿಯ ಹೊಟ್ಟೆಯನ್ನು ತೊಡೆಯ ಮೇಲೆ ಒರಗಿಸಿ. ಮುಂತುದಿಯ ಕಡೆ ಇರುವ ಕೈ ಆಚೆಯ ಅಂಚಿಗೆ, ಇನ್ನೊಂದು ಕೈ ಈಚೆಯ ಅಂಚಿಗೆ. ಮೊಣಕಾಲಿನಿಂದ ಒಂದು ಒದೆತ ಕೊಟ್ಟು, ಮುಂತುದಿಯತ್ತ ತಿರುಗುತ್ತಾ ತಲೆ ಒಳಗೆ ತೂರಿಸಿ. ಬೆನ್ನು ಬಾಗಿಸಿ ಎತ್ತಿದರೆ ಸೊಂಟ ಹಿಡಿಯುತ್ತದೆ. ಬಲ ತೊಡೆಯಿಂದ ಬರಬೇಕು. ಮುಂತುದಿ ಸ್ವಲ್ಪ ಮೇಲೆದ್ದು ನಿಲ್ಲಬೇಕು. ಕೆಳಗೆ ಬಾಗುತ್ತಿದ್ದರೆ ಒಳಗೆ ಕಟ್ಟಿದ ಹುಟ್ಟುಗಳನ್ನು ಹಿಂದಕ್ಕೆ ಸರಿಸಿ.

ದಡ ಮುಟ್ಟುವಾಗ ತುಂಬಿದ ದೋಣಿಯನ್ನು ಎಳೆದು ಕಲ್ಲಿನ ಮೇಲೆ ಹತ್ತಿಸಲೇಬೇಡಿ. ಎರಡು ತುದಿಗೆ ಆಸರೆ ಇದ್ದು ನಡುವೆ ಭಾರ ತೂಗಿದರೆ ಹಗುರ ದೋಣಿ ಬಿರಿಯುತ್ತದೆ. ಮೊಣಕಾಲುದ್ದ ನೀರಿನಲ್ಲಿ ಇಳಿದು, ತೇಲುತ್ತಿರುವಾಗಲೇ ಚೀಲ ಎತ್ತಿ. ಹಾಗಾಗಿ ಪ್ರಯಾಣದುದ್ದಕ್ಕೂ ಪಾದ ಒದ್ದೆಯೇ ಎಂದು ಮೊದಲೇ ಒಪ್ಪಿಕೊಳ್ಳಿ. ನೀರು ಸೋರಿಹೋಗುವ, ಹಿಮ್ಮಡಿ ಬಿಗಿಯಾಗಿ ಹಿಡಿಯುವ ಬೂಟು ಹಗಲಿಗೆ. ಒಣ ಕಾಲುಚೀಲ ಮತ್ತು ಇನ್ನೊಂದು ಜೊತೆ ಪಾದರಕ್ಷೆ ಬಿಡಾರಕ್ಕೆ ಮಾತ್ರ.

ದಿನಕ್ಕೆ 25 ಕಿ.ಮೀ. ಬೇಡ. ತುಂಬಿದ ಇಬ್ಬರ ದೋಣಿ ಗಾಳಿ ಇಲ್ಲದಾಗ ಗಂಟೆಗೆ 4ರಿಂದ 5 ಕಿ.ಮೀ. ಹೋಗುತ್ತದೆ. 25 ಕಿ.ಮೀ. ಅಂದರೆ ಬರೀ ಹುಟ್ಟು ಹಾಕುವುದೇ ಐದಾರು ಗಂಟೆ. ಪೋರ್ಟೇಜ್, ಊಟ, ಬಿಡಾರ ಹೂಡುವುದು ಬೇರೆ. ಸಾಮಾನ್ಯ ದಿನಕ್ಕೆ 15ರಿಂದ 18, ಉದ್ದದ ಪೋರ್ಟೇಜ್ ಇರುವ ದಿನ 12 ಇಟ್ಟುಕೊಳ್ಳಿ.

ಕಟ್ಟುವ ಪ್ರಶ್ನೆಗೆ ನನ್ನ ಉತ್ತರ: ಎಲ್ಲವನ್ನೂ ಬಿಗಿಯಾಗಿ ಕಟ್ಟಿ. ದೋಣಿ ಮಗುಚಿದರೆ ಚೀಲಗಳೇ ತೇಲುಬಲ. 60 ಲೀಟರಿನ ಡ್ರಮ್ 24 ಕೆಜಿ ತೂಗಿದರೂ ಅದು 36 ಕೆಜಿಯನ್ನು ಮೇಲೆತ್ತಿ ಹಿಡಿಯುತ್ತದೆ. ಅದು ಕುಳಿತ ಜಾಗಕ್ಕೆ ಅಷ್ಟು ನೀರು ಬರುವುದಿಲ್ಲ.

ತೆರೆನೊರೆ

ನೇರ ದಾಟಬಹುದೇ ಎಂಬುದಕ್ಕೆ: ದಾಟಬಹುದು, ಬೆಳಗಿನ ಜಾವ, ಗಾಳಿ ಏಳುವ ಮೊದಲು. 3 ಕಿ.ಮೀ. ಅಂದರೆ ಸುಮಾರು 40 ನಿಮಿಷ. ಆ 40 ನಿಮಿಷ ನಿಮ್ಮ ಕೈಲಿರಬೇಕು. ಗಾಳಿ ಬಂದಾಗ ತೂರಿಕೋ ಎನ್ನುವ ಗಾದೆ ಇಲ್ಲಿ ತಿರುವುಮುರುವು. ಗಾಳಿ ಇಲ್ಲದಾಗ ದಾಟಿಕೊಳ್ಳಬೇಕು.

ಬಿಸಿಲು ನೆಲವನ್ನು ಕಾಯಿಸಿದಂತೆ ಗಾಳಿ ಜೋರಾಗುತ್ತಾ ಹೋಗುತ್ತದೆ. ಹವಾಮಾನ ಸ್ಥಿರವಾಗಿರುವ ದಿನಗಳಲ್ಲಿ ಮಧ್ಯಾಹ್ನದ ಹೊತ್ತಿಗೆ ಅತಿ ಹೆಚ್ಚು, ಸಂಜೆಗೆ ಮತ್ತೆ ಇಳಿತ. ಎರಡನೇ ರಾತ್ರಿಯ ಬಿಡಾರ ಆ ಸರೋವರದ ಈಚೆ ದಡದಲ್ಲೇ ಇರಲಿ. ಬೆಳಕು ಹರಿಯುವ ಮೊದಲೇ ಎದ್ದು, ತಿಂಡಿ ಬೇಯಿಸದೆ, ಒಣ ತಿಂಡಿ ಬಾಯಿಗೆ ಹಾಕಿಕೊಂಡು ಹೊರಡಿ. ಅಡುಗೆ ಆಚೆ ದಡದಲ್ಲಿ.

ಅಳತೆಗೋಲು ಬೇಕಿದ್ದರೆ ನೀರನ್ನೇ ನೋಡಿ. ಗಾಳಿಯ ಬಲ ಅಳೆಯುವ ಬೋಫೋರ್ಟ್ ಮಾಪಕದ 3ರಲ್ಲಿ (ಗಂಟೆಗೆ 12ರಿಂದ 19 ಕಿ.ಮೀ.) ಅಲ್ಲೊಂದು ಇಲ್ಲೊಂದು ತೆರೆ ಬಿಳಿ ನೊರೆಯಾಗಿ ಒಡೆಯುತ್ತದೆ. 4ರಲ್ಲಿ (20ರಿಂದ 28 ಕಿ.ಮೀ.) ಎಲ್ಲೆಡೆ ಬಿಳಿ ತಲೆಗಳು. ತೆರೆದ ಕೆನೂ ತುಂಬಿಕೊಂಡು, 12 ಡಿಗ್ರಿ ನೀರಿನಲ್ಲಿ, ಮೊದಲ ಸಲ ಹೊರಟವರಿಗೆ ಮೊದಲ ಬಿಳಿ ತಲೆಯೇ ಗಡಿ. ಕಂಡರೆ ಹೊರಡಬೇಡಿ, ನಡುವೆ ಕಂಡರೆ ಹತ್ತಿರದ ದಡಕ್ಕೆ ತಿರುಗಿ.

ಇಲ್ಲಿ ಬಹಳ ಜನ ಮೋಸಹೋಗುವುದು ಗಾಳಿ ಬೆನ್ನ ಹಿಂದೆ ಇದ್ದಾಗ. ಗಾಳಿ ಬರುವ ಕಡೆಯ ದಡದಲ್ಲಿ ಮರಗಳ ಮರೆ ಇರುತ್ತದೆ, ನೀರು ಕನ್ನಡಿಯಂತಿರುತ್ತದೆ. ದೋಣಿ ಮುಂದೆ ಹೋದಂತೆ ಗಾಳಿಗೆ ಓಡಲು ಸಿಕ್ಕ ಬಯಲು ಹೆಚ್ಚುತ್ತದೆ, ತೆರೆ ಬೆಳೆಯುತ್ತದೆ. ಕೊನೆಯ ಒಂದು ಕಿಲೋಮೀಟರ್ ಅತಿ ಕೆಟ್ಟದ್ದು, ಆ ಹೊತ್ತಿಗೆ ಹಿಂತಿರುಗಲೂ ಆಗುವುದಿಲ್ಲ. ಹೊರಡುವ ದಡದ ನೀರು ನೋಡಿ ನಿರ್ಧರಿಸಬೇಡಿ; ನಡುವಿನ ನೀರು ಕಾಣುವ ಬಂಡೆ ಹತ್ತಿ, ಬೈನಾಕ್ಯುಲರ್ ಇದ್ದರೆ ಅದರಲ್ಲಿ ನೋಡಿ. ದೂರದ ದಿಗಂತದ ಗೆರೆ ನೇರವಾಗಿರದೆ ಗರಗಸದ ಹಲ್ಲಿನಂತೆ ಕಂಡರೆ ಅಲ್ಲಿ ತೆರೆ ದೊಡ್ಡದಿದೆ ಎಂದೇ ಅರ್ಥ.

ಭಾರ ಹಂಚುವುದೂ ಗಾಳಿಗೆ ತಕ್ಕಂತೆ. ಭಾರವಾದ ತುದಿ ನೀರನ್ನು ಕಚ್ಚಿ ನಿಲ್ಲುತ್ತದೆ, ಹಗುರ ತುದಿಯನ್ನು ಗಾಳಿ ತಳ್ಳುತ್ತದೆ. ಹಾಗಾಗಿ ಎದುರುಗಾಳಿಗೆ ಮುಂತುದಿ ಎರಡು ಮೂರು ಸೆಂ.ಮೀ. ಹೆಚ್ಚು ಮುಳುಗಿರಲಿ, ದೋಣಿ ತಾನಾಗಿ ಗಾಳಿಗೆ ಮುಖ ಕೊಡುತ್ತದೆ. ಬೆನ್ನುಗಾಳಿಗೆ ಹಿಂತುದಿ ಅಷ್ಟೇ ಹೆಚ್ಚು ಮುಳುಗಿರಲಿ. ಇದನ್ನು ಉಲ್ಟಾ ಮಾಡಿಕೊಂಡವರು ಹಿಂದೆ ಕೂತು ದಿನವಿಡೀ ದೋಣಿ ತಿರುಗಿಸುವುದರಲ್ಲೇ ಸುಸ್ತಾಗುತ್ತಾರೆ. ಸರಿಪಡಿಸಲು ಇಡೀ ಸಾಮಾನು ಕದಲಿಸಬೇಕಿಲ್ಲ: ನೀರು ತುಂಬಿದ 8 ಲೀಟರಿನ ಚೀಲ ಒಂದನ್ನು ಹಿಂದೆ ಮುಂದೆ ಸರಿಸಿದರೆ ಸಾಕು. ಎದುರಿನ ತೆರೆ ಕಡಿದಾಗಿ ಮುಂತುದಿ ನೀರು ಕುಡಿಯಲು ತೊಡಗಿದರೆ ಮಾತ್ರ ಈ ಲೆಕ್ಕ ಬಿಟ್ಟು, ಮುಂದಿನವರು ಸ್ವಲ್ಪ ಹಿಂದೆ ಸರಿದು ಮಂಡಿಯೂರಲಿ.

ಭಾರವಾದ ಚೀಲ ದೋಣಿಯ ನಡುವೆ, ತಳಕ್ಕೆ ತಾಗಿ. ಅಂಚಿಗಿಂತ ಮೇಲೆ ಏನೂ ಏಳಬಾರದು, ಅದು ಹಾಯಿಯಂತೆ ಗಾಳಿ ಹಿಡಿಯುತ್ತದೆ. ಎಲ್ಲ ತುಂಬಿ ಇಬ್ಬರೂ ಕೂತ ಮೇಲೆ ನಡುವೆ ಅಂಚು ನೀರಿನಿಂದ ಕನಿಷ್ಠ 15 ಸೆಂ.ಮೀ. ಮೇಲಿರಬೇಕು. ದೊಡ್ಡ ಸರೋವರಕ್ಕೆ ಅದೂ ಕಡಿಮೆ, 20 ಇರಲಿ.

ತೆರೆಗೆ ಅಡ್ಡಲಾಗಿ ಹೊಟ್ಟೆ ಕೊಡಬೇಡಿ. ಓರೆಯಾಗಿ, ಸುಮಾರು 30 ಡಿಗ್ರಿ ಕೋನದಲ್ಲಿ ಏರಿ ಇಳಿಯಿರಿ. ಇಬ್ಬರೂ ಮಂಡಿಯೂರಿ, ಹುಟ್ಟು ನೀರಿನಲ್ಲೇ ಇರಲಿ. ಕೈ ನಿಂತಾಗಲೇ ದೋಣಿ ಹೊಯ್ದಾಡುವುದು.

ಮತ್ತೆ, ಒಂದು ಪೂರ್ತಿ ದಿನವನ್ನು ಗಾಳಿಗೆಂದೇ ಎತ್ತಿಡಿ. ಆರು ದಿನದ ಹಾದಿಯನ್ನು ಐದು ದಿನಕ್ಕೆ ಮುಗಿಯುವಂತೆ ಮೊಟಕು ಮಾಡಿ, ಇಲ್ಲವೇ ಏಳು ದಿನ ರಜೆ ಹಾಕಿ. ವಾಪಸ್ ಹೋಗುವ ಬಸ್ಸಿನ ಗಡಿಬಿಡಿಯಲ್ಲಿ ಸರೋವರ ದಾಟುವವರೇ ತೊಂದರೆಗೆ ಸಿಕ್ಕಿಕೊಳ್ಳುವುದು.

ದಂಡೆಕಾವಲು

ಹೊರೆಗಾರರ ಪೋರ್ಟೇಜ್ ಲೆಕ್ಕ ಪೂರ್ತಿ ಒಪ್ಪಿದೆ. ಆದರೆ ಬಿಗಿಯಾಗಿ ಕಟ್ಟುವುದನ್ನು ಸರೋವರದ ಮಟ್ಟಿಗೆ ಒಪ್ಪುವುದಿಲ್ಲ. ಕಾರಣ ಹೇಳುತ್ತೇನೆ.

12 ಡಿಗ್ರಿ ನೀರಿಗೆ ಬಿದ್ದಾಗ ಏನಾಗುತ್ತದೆ ಎಂಬುದಕ್ಕೆ 1-10-1 ಎಂಬ ಸೂತ್ರ ಇದೆ. ಮೊದಲ 1 ನಿಮಿಷ ಉಸಿರು ಹಿಡಿತಕ್ಕೆ ಸಿಗದೆ ಏದುಸಿರು. ಲೈಫ್ ಜಾಕೆಟ್ ಇಲ್ಲದವರು ಮುಳುಗುವುದು ಈಗಲೇ. ನಂತರ ಸುಮಾರು 10 ನಿಮಿಷ ಕೈಬೆರಳು ಹೇಳಿದ ಮಾತು ಕೇಳುತ್ತವೆ. ಆಮೇಲೆ ಬಕಲ್ ಬಿಚ್ಚಲೂ ಆಗುವುದಿಲ್ಲ, ಮೈ ತಣಿದು ಪ್ರಜ್ಞೆ ತಪ್ಪಲು 1 ಗಂಟೆ ಹಿಡಿದರೂ. ಕರಾರುವಾಕ್ಕಾದ ಸಂಖ್ಯೆಗಳಲ್ಲ ಇವು, ನೀರಿನ ತಂಪು ಮತ್ತು ಮೈಕಟ್ಟಿನ ಮೇಲೆ ಬದಲಾಗುತ್ತವೆ. ಆದರೆ ಕೆಲಸ ಮುಗಿಸಲು ಸಿಗುವ ಹೊತ್ತು ಆ ನಡುವಿನ ಹತ್ತು ನಿಮಿಷವೇ. ಆ ಹತ್ತು ನಿಮಿಷದಲ್ಲಿ ಇಬ್ಬರೂ ನೀರಿನಿಂದ ಹೊರಗಿರಬೇಕು.

ಎರಡು ದೋಣಿ ಇರುವುದರಿಂದ ದಾರಿ ಇದೆ, ಟಿ ರೆಸ್ಕ್ಯೂ. ಮಗುಚಿದ ದೋಣಿಯನ್ನು ಬೋರಲಾಗಿಯೇ, ರಕ್ಷಿಸುವ ದೋಣಿಯ ಅಂಚುಗಳ ಮೇಲೆ ಅಡ್ಡಲಾಗಿ ಎಳೆದುಕೊಳ್ಳಬೇಕು. ನೀರು ಸುರಿದುಹೋದ ಮೇಲೆ ನೆಟ್ಟಗೆ ತಿರುವಿ ನೀರಿಗೆ ಜಾರಿಸಬೇಕು. ಎರಡೂ ದೋಣಿ ಪಕ್ಕಪಕ್ಕ ಹಿಡಿದಿಟ್ಟು, ನೀರಿನಲ್ಲಿರುವವರು ಆಚೆ ಬದಿಯಿಂದ ಕಾಲು ಬಡಿಯುತ್ತಾ ಹೊಟ್ಟೆಯ ಮೇಲೆ ಜಾರಿ ಹತ್ತಬೇಕು. 20 ಕೆಜಿಯ ದೋಣಿ ಆದರೆ ಇದು ಮೂರು ನಾಲ್ಕು ನಿಮಿಷದ ಕೆಲಸ. ಒಳಗೆ 50, 60 ಕೆಜಿ ಚೀಲ ಬಿಗಿದಿದ್ದರೆ ದೋಣಿಯನ್ನು ಎಳೆಯಲೇ ಆಗುವುದಿಲ್ಲ.

ಹಾಗೆಂದು ಸುಮ್ಮನೆ ಇಟ್ಟರೂ ತಪ್ಪೇ. ಗಾಳಿಗೆ ಚೀಲಗಳು ಚದುರಿ, ಮಲಗುವ ಚೀಲ ಒಂದು ದಿಕ್ಕು, ಊಟ ಇನ್ನೊಂದು ದಿಕ್ಕು ತೇಲಿಹೋಗುತ್ತವೆ.

ಸರೋವರಕ್ಕೆ ಸರಿಯಾದ ದಾರಿ ಎರಡರ ನಡುವಿನದು. 8 ಮಿ.ಮೀ. ದಪ್ಪದ, ತೇಲುವ ಪಾಲಿಪ್ರೊಪಿಲೀನ್ ಹಗ್ಗ, 3 ಮೀಟರ್. ಪ್ರತಿ ಚೀಲದ ಹಿಡಿಯೊಳಗೆ ಹಗ್ಗ ತೂರಿಸಿ. ಒಂದು ತುದಿ ಕೊನೆಯ ಚೀಲಕ್ಕೆ ಗಂಟು, ಇನ್ನೊಂದು ತುದಿಗೆ ಕ್ಯಾರಬೈನರ್ (ಸ್ಪ್ರಿಂಗ್ ಬಾಯಿಯ ಲೋಹದ ಕೊಂಡಿ) ಹಾಕಿ ಅಡ್ಡಪಟ್ಟಿಗೆ ಸಿಕ್ಕಿಸಿ. ದೋಣಿಗೆ ಜೋಡಣೆ ಆ ಒಂದೇ ಕಡೆ. ಮಗುಚಿದರೆ ಚೀಲಗಳು ದೋಣಿಯ ಜೊತೆಗೇ ಇರುತ್ತವೆ. ಟಿ ರೆಸ್ಕ್ಯೂ ಮಾಡುವಾಗ ಕ್ಯಾರಬೈನರ್ ಬಿಚ್ಚಿದರೆ ರೈಲಿನ ಡಬ್ಬಿಗಳಂತೆ ಸಾಲಾಗಿ ಹೊರಗೆ ಬಂದು ತೇಲುತ್ತವೆ. ಆ ತುದಿಯನ್ನು ರಕ್ಷಿಸುವ ದೋಣಿಗೆ ಸಿಕ್ಕಿಸಿ. ಹಗ್ಗದಲ್ಲಿ ಸಡಿಲ ಕುಣಿಕೆ ಬಿಡಬೇಡಿ, ಕಾಲಿಗೆ ಸುತ್ತುತ್ತದೆ. ಪ್ರತಿಯೊಬ್ಬರ ಲೈಫ್ ಜಾಕೆಟ್‌ಗೆ ಒಂದು ಕೈಯಲ್ಲಿ ತೆರೆಯಬಲ್ಲ ಚಾಕು, ಒಂದು ಸೀಟಿ.

ಇದೆಲ್ಲ ನಡೆಯಬೇಕಾದರೆ ಎರಡು ದೋಣಿಗಳ ನಡುವಿನ ದೂರ ಕೂಗಿದರೆ ಕೇಳುವಷ್ಟಿರಬೇಕು. 30 ಮೀಟರಿಗಿಂತ ಹೆಚ್ಚಾದರೆ ಮುಂದಿನ ದೋಣಿ ನಿಲ್ಲಲಿ. ಮತ್ತೆ ಲೈಫ್ ಜಾಕೆಟ್ ಮೈಮೇಲೆ, ಜಿಪ್ ಹಾಕಿ. ಸೀಟಿನ ಕೆಳಗೆ ಇಟ್ಟಿದ್ದನ್ನು ನೀರಿನಲ್ಲಿ ತೊಡಲು ಆಗುವುದಿಲ್ಲ. ದಡ ಈಜುವಷ್ಟು ಹತ್ತಿರ ಕಾಣುತ್ತದೆ ಎಂದು ದೋಣಿ ಬಿಟ್ಟು ಹೋಗಬೇಡಿ.

ಹೊರೆಗಾರ

ದಂಡೆಕಾವಲು ಅವರು ಹೇಳಿದ್ದು ಸರಿ. ಎರಡು ದೋಣಿ ಜೊತೆಗಿರುವಾಗ ಸರೋವರದಲ್ಲಿ ಒಂದೇ ತುದಿ ಸಿಕ್ಕಿಸುವುದು ಉತ್ತಮ. ಆ ಸಾಲನ್ನು ಹಿಂತೆಗೆದುಕೊಳ್ಳುತ್ತೇನೆ. ಬಿಗಿದು ಕಟ್ಟುವುದು ಹೊಳೆಯ ಪದ್ಧತಿ. ಹರಿವಿನಲ್ಲಿ ಉದ್ದ ಹಗ್ಗಕ್ಕೆ ನೇತಾಡುವ ಚೀಲ ಬಂಡೆಗೆ ಸಿಕ್ಕಿ ದೋಣಿಯನ್ನೇ ಹಿಡಿದು ನಿಲ್ಲಿಸುತ್ತದೆ, ಮನುಷ್ಯರನ್ನೂ ಸಿಕ್ಕಿಸುತ್ತದೆ. ಹಾಗಾಗಿ ಐದನೇ ದಿನ ಬೆಳಿಗ್ಗೆ ಕಟ್ಟುವ ರೀತಿ ಬದಲಾಗಬೇಕು: ಚೀಲ ತಳಕ್ಕೆ ಒತ್ತಿ, ಅಡ್ಡಪಟ್ಟಿಗಳಿಗೆ ಬೆಲ್ಟಿನಿಂದ ಬಿಗಿದು, ಬಾಲ ಎಲ್ಲ ಒಳಗೆ ಮಡಚಿ.

ಹೊಸಹುಟ್ಟು

ಎಲ್ಲರಿಗೂ ಧನ್ಯವಾದ. ಕೆವ್ಲಾರ್ ಎಂದು ತೀರ್ಮಾನಿಸಿದೆವು, ಹಾದಿಯನ್ನು ಐದು ದಿನಕ್ಕೆ ಇಳಿಸಿ ಒಂದು ದಿನ ಗಾಳಿಗೆ ಬಿಟ್ಟೆವು. ರ‍್ಯಾಪಿಡ್ ಪಕ್ಕ ಹೊರುವ ದಾರಿ ಒಂದಕ್ಕೆ ಮಾತ್ರ ನಕ್ಷೆಯಲ್ಲಿದೆ. ಎರಡನೆಯದಕ್ಕೆ ಇಲ್ಲ. ಅಲ್ಲಿ ಹಗ್ಗ ಹಿಡಿದು ದೋಣಿ ಇಳಿಸಬಹುದೇ? ಊಟ, ನೀರಿನ ವಿಷಯವೂ ಬಾಕಿ.

ದಂಡೆಕಾವಲು

ಇಳಿಸಬಹುದು, ದಡದಲ್ಲಿ ನಡೆಯಲು ಜಾಗ ಇದ್ದರೆ. ಮೊದಲು ಇಳಿದು, ರ‍್ಯಾಪಿಡ್ ಮುಗಿಯುವವರೆಗೆ ನಡೆದು ನೋಡಿ. ಕ್ಲಾಸ್ 1ರಿಂದ 6ರವರೆಗಿನ ಶ್ರೇಣಿ ನೀರಿನ ಮಟ್ಟಕ್ಕೆ ತಕ್ಕಂತೆ ಬದಲಾಗುತ್ತದೆ. ನಕ್ಷೆಯ 2 ಮಳೆಯ ಮಾರನೇ ದಿನ 3 ಆಗಿರಬಹುದು. ತಣ್ಣೀರು, ದೂರದ ಕಾಡು ಎರಡೂ ಇದ್ದಾಗ ಒಂದು ಮೆಟ್ಟಿಲು ಹೆಚ್ಚು ಎಂದೇ ಎಣಿಸಿ. ಹರಿವಿಗೆ ಅಡ್ಡ ಬಿದ್ದ ಮರ ಕಂಡರೆ ಅಲ್ಲಿಗೆ ಮಾತು ಮುಗಿಯಿತು: ಕೊಂಬೆಗಳ ನಡುವೆ ನೀರು ನುಗ್ಗಿಹೋಗುತ್ತದೆ, ದೋಣಿ ಮತ್ತು ಮನುಷ್ಯ ಜರಡಿಯ ಮೇಲಿನ ಕಸದಂತೆ ಒತ್ತಿ ನಿಲ್ಲುತ್ತಾರೆ.

ಹಗ್ಗದಲ್ಲಿ ಇಳಿಸಲು ಪ್ರತಿ ತುದಿಗೆ 12ರಿಂದ 15 ಮೀಟರ್ ತೇಲುವ ಹಗ್ಗ ಬೇಕು. ಚೀಲಗಳನ್ನು ಮೊದಲು ಹೊತ್ತು ದಾಟಿಸಿ, ಖಾಲಿ ದೋಣಿ ಮಾತ್ರ ಇಳಿಸಿ. ಮೇಲ್ಹರಿವಿನ ಕಡೆಯ ತುದಿಯ ಹಗ್ಗ ನೀರಿನ ಮಟ್ಟದ ಹತ್ತಿರ, ಅಂದರೆ ದೋಣಿಯ ಕೆಳಭಾಗದಿಂದ ಎಳೆಯುವಂತಿರಬೇಕು. ಮೇಲಿನ ಅಂಚಿಗೆ ಕಟ್ಟಿದರೆ ಎಳೆದಾಗ ದೋಣಿ ವಾಲಿ ನೀರು ತುಂಬುತ್ತದೆ. ಮೇಲ್ಹರಿವಿನ ತುದಿ ದಡದ ಕಡೆ, ಇನ್ನೊಂದು ತುದಿ ಸ್ವಲ್ಪ ಹೊರಗೆ. ಕೋನ ಹೆಚ್ಚಾಗಿ ದೋಣಿ ಹರಿವಿಗೆ ಅಡ್ಡ ತಿರುಗಿದರೆ ಇಬ್ಬರಿಂದಲೂ ಹಿಡಿಯಲಾಗದು. ಹಗ್ಗವನ್ನು ಕೈಗೆ ಸುತ್ತಿಕೊಳ್ಳಬೇಡಿ, ಸೊಂಟಕ್ಕಂತೂ ಬೇಡವೇ ಬೇಡ. ಕೈ ಮೀರಿದರೆ ಬಿಟ್ಟುಬಿಡಬೇಕು. ಉಳಿದಿಬ್ಬರು ಕೆಳಗೆ ಶಾಂತ ನೀರಿನಲ್ಲಿ ಇನ್ನೊಂದು ದೋಣಿಯೊಂದಿಗೆ ಕಾಯುತ್ತಿರಲಿ.

ಹರಿವಿನಲ್ಲಿ ಬಿದ್ದರೆ ಎದ್ದು ನಿಲ್ಲಲು ಹೋಗಬೇಡಿ. ಕಲ್ಲಿನ ಸಂದಿಗೆ ಪಾದ ಸಿಕ್ಕರೆ ನೀರು ಮೈಯನ್ನು ಮುಂದಕ್ಕೆ ಮಗುಚುತ್ತದೆ, ಮೊಣಕಾಲಿನ ಮೇಲೆ ಬರುವ ನೀರಿಗೇ ಅಷ್ಟು ಬಲವಿದೆ. ಬೆನ್ನ ಮೇಲೆ ತೇಲುತ್ತಾ, ಪಾದ ಮುಂದೆ ಮಾಡಿ ಮೇಲೆತ್ತಿ, ದೋಣಿಯ ಮೇಲ್ಹರಿವಿನ ಬದಿಯಲ್ಲೇ ಇರಿ. ದೋಣಿ ಮತ್ತು ಬಂಡೆಯ ನಡುವೆ ಸಿಗಬಾರದು.

ಒಲೆಬದಿ

ಊಟದ ತೂಕ: ಒಣ ಪದಾರ್ಥವೇ ಹೆಚ್ಚಿದ್ದರೆ ಒಬ್ಬರಿಗೆ ದಿನಕ್ಕೆ 700ರಿಂದ 800 ಗ್ರಾಂ. ಗಾಳಿಗೆ ಬಿಟ್ಟ ದಿನ ನಿಮ್ಮ ಆರರೊಳಗೇ ಇದೆ; ಅದರಾಚೆ ಇನ್ನೊಂದು ದಿನದ್ದು ಕಟ್ಟಿ. ನಾಲ್ಕು ಜನ, ಏಳು ದಿನ, 750 ಗ್ರಾಂ ಅಂದರೆ 21 ಕೆಜಿ. 60 ಲೀಟರ್ ಡ್ರಮ್‌ಗೆ ಸರಿಹೋಗುತ್ತದೆ. ಪ್ರತಿ ದಿನದ್ದನ್ನು ಬೇರೆ ಬೇರೆ ಚೀಲದಲ್ಲಿ ಕಟ್ಟಿ, ಕೊನೆಯ ದಿನದ್ದು ತಳದಲ್ಲಿ. ಹಗಲಿನ ತಿಂಡಿಯನ್ನು ಮಾತ್ರ ಬೆಳಿಗ್ಗೆಯೇ ಹೊರಗೆ ತೆಗೆದಿಡಿ. ಗಾಳಿಯಲ್ಲಿ ಡ್ರಮ್ ತೆರೆಯಲು ಆಗುವುದಿಲ್ಲ, ಹಸಿದ ಕೈ ಬೇಗ ಸೋಲುತ್ತದೆ.

ಡ್ರಮ್ ಕರಡಿ ತಡೆಯುವ ಪೆಟ್ಟಿಗೆ ಅಲ್ಲ. ರಬ್ಬರ್ ವಾಷರ್ ಮತ್ತು ಲೋಹದ ಬಳೆ ವಾಸನೆಯನ್ನು ಕಡಿಮೆ ಮಾಡುತ್ತವೆ, ಅಷ್ಟೇ. ನೀವು ಹೋಗುವ ಕಡೆ ಕರಡಿ ಒಡೆಯಲಾಗದ ಪೆಟ್ಟಿಗೆ ಕಡ್ಡಾಯವೋ ಎಂದು ಅನುಮತಿ ಪತ್ರದಲ್ಲಿ ನೋಡಿ. ಕಡ್ಡಾಯವಾದರೆ ಬೇರೆ ಮಾತಿಲ್ಲ. ಇಲ್ಲದಿದ್ದರೆ ಕೊಂಬೆಗೆ ನೇತುಹಾಕಬೇಕು: ನೆಲದಿಂದ 4 ಮೀಟರ್ ಮೇಲೆ, ಕಾಂಡದಿಂದ 2 ಮೀಟರ್ ಆಚೆ, ಡೇರೆಯಿಂದ ಕನಿಷ್ಠ 60 ಮೀಟರ್ ದೂರ. 25 ಕೆಜಿಯ ಡ್ರಮ್ಮನ್ನು ಕೊಂಬೆಯ ಮೇಲೆ ಹಾಕಿದ ಬರೀ ಹಗ್ಗದಿಂದ ಎಳೆಯಲು ಹೋದರೆ ತೊಗಟೆಗೆ ಉಜ್ಜಿ ಹಗ್ಗ ಕಚ್ಚಿಕೊಳ್ಳುತ್ತದೆ. ಒಂದು ಸಣ್ಣ ರಾಟೆ ತನ್ನಿ, ಇಲ್ಲವೇ ಊಟವನ್ನು 10 ಕೆಜಿಯ ಎರಡು ಚೀಲ ಮಾಡಿ ಬೇರೆ ಬೇರೆ ಏರಿಸಿ. ಹಗ್ಗ 20 ಮೀಟರ್. ಟೂತ್‌ಪೇಸ್ಟ್, ಸೋಪು, ಕಸ, ಪಾತ್ರೆ ತೊಳೆದ ಬಟ್ಟೆ, ಎಲ್ಲವೂ ಅದರೊಳಗೇ. ಕೊಂಬೆಯನ್ನು ಬೆಳಕಿರುವಾಗಲೇ ಹುಡುಕಿ. ಕತ್ತಲಲ್ಲಿ ಟಾರ್ಚ್ ಹಿಡಿದು ಕಲ್ಲು ಕಟ್ಟಿದ ಹಗ್ಗ ಎಸೆಯುವುದು ತಲೆಗೆ ಅಪಾಯ.

ನೀರು: ಅಡುಗೆ ಸೇರಿ ನಾಲ್ವರಿಗೆ ದಿನಕ್ಕೆ 14ರಿಂದ 16 ಲೀಟರ್. ಕೈಪಂಪಿಗಿಂತ ನೇತುಹಾಕಿ ಇಳಿಸುವ 4 ಲೀಟರಿನ ಫಿಲ್ಟರ್ ಚೀಲ ವಾಸಿ, ಡೇರೆ ಹೂಡುವಷ್ಟರಲ್ಲಿ ತಾನಾಗಿ ಇಳಿದಿರುತ್ತದೆ. ದಡದ ಕೆಸರಿನಲ್ಲಿ ತುಂಬಬೇಡಿ, ಸರೋವರದ ನಡುವೆ ದೋಣಿಯಿಂದಲೇ ತುಂಬಿಕೊಳ್ಳಿ. ಟೊಳ್ಳು ನಾರಿನ ಫಿಲ್ಟರ್ ಒಮ್ಮೆ ಒದ್ದೆಯಾದ ಮೇಲೆ ಹೆಪ್ಪುಗಟ್ಟಿದರೆ ಒಳಗೆ ಸೀಳುತ್ತದೆ, ಹೊರಗೆ ಏನೂ ಕಾಣುವುದಿಲ್ಲ. ರಾತ್ರಿ ಶೂನ್ಯಕ್ಕೆ ಇಳಿಯುವಂತಿದ್ದರೆ ಜಿಪ್ ಚೀಲದಲ್ಲಿ ಹಾಕಿ ಮಲಗುವ ಚೀಲದೊಳಗೆ ಇಟ್ಟುಕೊಳ್ಳಿ. ಬದಲಿಗೆ ಕ್ಲೋರಿನ್ ಡೈಆಕ್ಸೈಡ್ ಮಾತ್ರೆ ಇರಲಿ: ಬ್ಯಾಕ್ಟೀರಿಯಾ, ವೈರಸ್‌ಗೆ 30 ನಿಮಿಷ, ಕ್ರಿಪ್ಟೋಸ್ಪೊರಿಡಿಯಂ ಎಂಬ ಪರಾವಲಂಬಿ ಜೀವಿಗೆ 4 ಗಂಟೆ. ಕುದಿಸುವುದಾದರೆ ಗುಳ್ಳೆ ಎದ್ದು ಮಗುಚುತ್ತಾ 1 ನಿಮಿಷ, 2,000 ಮೀಟರ್ ಎತ್ತರದ ಮೇಲೆ 3. ನೀರಿನ ಮೇಲೆ ಹಸಿರು ಬಣ್ಣ ಚೆಲ್ಲಿದಂಥ ಪದರ ಕಂಡರೆ ಇದ್ಯಾವುದೂ ಕೆಲಸಕ್ಕೆ ಬಾರದು. ಆ ಸೂಕ್ಷ್ಮಜೀವಿಗಳ ವಿಷ ಕುದಿಸಿದರೂ ಹೋಗುವುದಿಲ್ಲ. ಮುಂದಿನ ಸರೋವರದಲ್ಲಿ ತುಂಬಿಕೊಳ್ಳಿ.

ಬಿಡಾರ ಹೂಡುವ ಮೊದಲು ತಲೆ ಎತ್ತಿ ನೋಡಿ. ಒಣಗಿ ನಿಂತ ಮರ, ತೊಂಗಿದ ಒಣಕೊಂಬೆ ಬಿದ್ದರೆ ತಾಗುವಷ್ಟು ದೂರದಲ್ಲಿ ಡೇರೆ ಬೇಡ. ದೋಣಿಗಳನ್ನು ನೀರಿನಿಂದ ಸಾಕಷ್ಟು ಮೇಲೆ ತಂದು, ಬೋರಲು ಹಾಕಿ, ಎರಡೂ ತುದಿಯನ್ನು ಮರಕ್ಕೆ ಕಟ್ಟಿ. 20 ಕೆಜಿಯ ದೋಣಿಯನ್ನು ರಾತ್ರಿಯ ಒಂದು ಬಿರುಗಾಳಿ ಉರುಳಿಸಿಕೊಂಡು ಹೋಗುತ್ತದೆ. ಶೌಚಕ್ಕೆ ನೀರಿನಿಂದ 60 ಮೀಟರ್ ದೂರ, 15ರಿಂದ 20 ಸೆಂ.ಮೀ. ಆಳದ ಗುಂಡಿ.

ಮಲಗುವ ಚೀಲ ಮತ್ತು ಒಂದು ಜೊತೆ ಒಣ ಬಟ್ಟೆ ಡ್ರೈ ಬ್ಯಾಗಿನೊಳಗೆ (ಬಾಯಿ ಸುತ್ತಿ ಮುಚ್ಚುವ, ನೀರು ಹೋಗದ ಚೀಲ), ಅದು ಮತ್ತೆ ದೊಡ್ಡ ಚೀಲದ ದಪ್ಪ ಪ್ಲಾಸ್ಟಿಕ್ ಒಳಪದರದೊಳಗೆ. ಬಾಯಿಯನ್ನು ಮೂರು ಸುತ್ತಾದರೂ ಬಿಗಿಯಾಗಿ ಸುತ್ತಿ. ಎರಡೇ ಸುತ್ತಿಗೆ ಬಕಲ್ ಹಾಕಿದರೆ ನೀರು ಒಸರುತ್ತದೆ.

ಹೊಸಹುಟ್ಟು

ಕೊನೆಯದೊಂದು. ಟಿ ರೆಸ್ಕ್ಯೂ ಯಾರೂ ತುಂಬಿದ ದೋಣಿಯಲ್ಲಿ ಮಾಡಿಲ್ಲ. ಹೇಗೆ ಅಭ್ಯಾಸ ಮಾಡುವುದು?

ದಂಡೆಕಾವಲು

ಹೊರಡುವ ಹಿಂದಿನ ದಿನ, ದಡದ ಹತ್ತಿರ, ಎದೆಮಟ್ಟದ ನೀರಿನಲ್ಲಿ. ಮಲಗುವ ಚೀಲ, ಬಟ್ಟೆ ತೆಗೆದಿಟ್ಟು, ದೊಡ್ಡ ಚೀಲಗಳಲ್ಲಿ ನೀರು ತುಂಬಿದ ಬಾಟಲಿ ಮತ್ತು ಗಾಳಿ ತುಂಬಿದ ಡ್ರೈ ಬ್ಯಾಗ್ ಹಾಕಿ ನಿಜವಾದ ತೂಕ ಮಾಡಿ. ಹಗ್ಗಕ್ಕೆ ಪೋಣಿಸಿ, ಸಿಕ್ಕಿಸಿ, ದೋಣಿ ಮಗುಚಿ. ಗಡಿಯಾರ ನೋಡಿ. ಒಂದು ಜೋಡಿ ರಕ್ಷಿಸಿದ ಮೇಲೆ ಜಾಗ ಬದಲಾಯಿಸಿ. ನಾಲ್ವರೂ ಎರಡೂ ಪಾತ್ರ ಮಾಡಬೇಕು. ಐದು ನಿಮಿಷದೊಳಗೆ ಇಬ್ಬರೂ ಹತ್ತಿ ಕೂರಲಾಗದಿದ್ದರೆ ಆ 3 ಕಿ.ಮೀ. ನೇರದಾರಿ ಬಿಟ್ಟು, ದಡದಿಂದ 50 ಮೀಟರ್ ಒಳಗೇ ಸುತ್ತಿ ಹೋಗಿ. ಗಾಳಿಗೆಂದು ಎತ್ತಿಟ್ಟ ದಿನವನ್ನು ಆ ಸುತ್ತಿಗೆ ಬಳಸಿಕೊಳ್ಳಬಹುದು.